ದೇಮೋವಾ ಹಣಮಂತ್

ಮಡಗಾಂವ ಮುನಸಿಪಾಲ್ಟಿ ಜಿನೆದ ಬುಡಕ
ಜಾಳಿಗಿ ಬಾಗಿಲದ ಒಂದು ಬೋರ್ಡು.
ಟೆಂಡರು, ನಾಯಿ ಲೈಸನ್ಸು, ಹರಾಜಿನ ಜೀಪು,
ಅವುಗಳ ಹಿಂದ ಬಿಸಿಲಿಗೆ ಹಳದಿಯಾದ ಮೂರು ಹಾಳಿ:
ವಾರಸುದಾರರು ಬಂದು ಒಯ್ಯದ ಹಣ,
ಮಾರ್ಕೆಟ್ ಕಸಗುಡಿಸುವವರ ಹಳೇ ಪಗಾರದ ಬಾಕಿ.

ನಾನು ಪ್ಲಾಸ್ಟಿಕ್ ಬಕೀಟು ಮಾರಾಕಿ,
ಸೋಪೋ ರಸೀದಿ ತಪ್ಪಾಗಿತ್ತಂತ ಬಂದಿದ್ದೆ.
ಸರತಿ ಉದ್ದ ಇತ್ತು. ಓದಿದೆ, ಬೆರಳಿಟ್ಟು.
ನಾಲ್ವತ್ತೊಂದು: ದೇಮೋವಾ ಹಣಮಂತ್.
ಯಾರೋ ಹಡಗಿನಿಂದ ಇಳಿದ ಹೆಂಗಸಿನ ಹೆಸರು ಅನಿಸಿತು.
ಎರಡನೇ ಸಲ ಬಾಯಿ ಬಿಟ್ಟು ಓದಿದೆ,
ದೇ, ಮೋ, ವಾ.
ಮೂರನೇ ಸಲಕ್ಕ ಆ ಹಾಳಿಯೊಳಗಿಂದ ನಮ್ಮವ್ವ
ಸೆರಗು ಸೊಂಟಕ್ಕ ಸಿಗಿಸಿಕೊಂಡು ಹೊರಗ ಬಂದಳು.

ದ್ಯಾಮವ್ವ. ರೋಣದ ಕಡೆಯಾಕಿ. ಸತ್ತು ಹದಿಮೂರು ವರ್ಷ.
ಬಾಕಿ ಆರು ಸಾವಿರದ ಎರಡುನೂರಾ ಹದಿನೆಂಟು.

ಮಾಳಿಗಿ ಮ್ಯಾಲಿನ ಶಿರೋಡ್ಕರ ಕೆಟ್ಟವನಲ್ಲ.
ಕುಂದ್ರು ಅಂದ. ಚಾಳೀಸು ಒರೆಸಿಕೊಂಡು ಕೇಳಿದ,
ದೇಮೋವಾ, ದ್ಯಾಮವ್ವ ಒಬ್ಬಾಕೀನ ಅನ್ನಾಕ ಸಾಕ್ಷಿ ಏನು?
ನನ್ನ ಮುಖ ನೋಡ್ರಿ, ಅಂದೆ.
ಮುಖಕ್ಕ ಶಿಕ್ಕಾ ಇರೂದಿಲ್ಲ ಬಾಯಿ, ಅಂದ.

ಸಾವಿನ ದಾಖಲೆ ವಾಸ್ಕೋದಾಗ.
ಕದಂಬ ಬಸ್ಸು ಹತ್ತಿದೆ. ಕದಂಬರು ನಮ್ಮ ರಾಜರಂತ,
ಸಂಘದ ಮಾಸ್ತರ ಭಾಷಣದಾಗ ಕೇಳಿದ್ದೆ.
ನಮ್ಮ ರಾಜರ ಬಸ್ಸಿನಾಗ ಕಂಡಕ್ಟರ,
ಏ ಘಾಟಿ, ಹಿಂದ ಸರಿ, ಅಂದ.
ಸರಿದೆ. ಅಲ್ಲಿ ಹೋಗಿ ನೋಡಿದರ
ಸಾಯುವಾಗ ಆಕಿ ಹೆಸರು ದಾಮವಾ.

ಮಾಮಲೇದಾರ ಕಚೇರಿಗೆ ನಾಲ್ಕು ಸಲ.
ಒಮ್ಮೆ ಸಾಹೇಬ ಇಲ್ಲ, ಒಮ್ಮೆ ಕರೆಂಟಿಲ್ಲ,
ಒಮ್ಮೆ ಇಬ್ಬರೂ ಇದ್ದರು, ನನ್ನ ಸಾಕ್ಷಿದಾರ ಇಲ್ಲ,
ಕುಡಿದು ಬಿದ್ದಿದ್ದ.
ನೋಟರಿ ಫುರ್ತಾದ್ ಛಾಪಾ ಕಾಗದದ ಮ್ಯಾಲ ಟೈಪು ಮಾಡಿದ:
ದೇಮೋವಾ ಉರ್ಫ್ ದಾಮವಾ ಉರ್ಫ್ ದ್ಯಾಮವ್ವ.
ಜೀವನದಾಗ ಮಂದಿಯ ಒಂದು ಬಟಾಟಿ ಕದಿಯದಾಕಿಗೆ
ಕಳ್ಳರಿಗಿದ್ದಂಗ ಮೂರು ಹೆಸರು.

ಕಡೀಕ ಶಿರೋಡ್ಕರ ಪಗಾರದ ಬುಕ್ಕು ತೆಗೆದ.
ತಿಂಗಳಿಗೊಂದು ಹೆಬ್ಬಟ್ಟು.
ಗೆರಿ ಕಾಣೂದಿಲ್ಲ. ಕಸಬರಿಗಿ ತಿಂದಿತ್ತು.
ಜೂನಿನದು ಒದ್ದಿಯಾಗಿ ಹರಡಿತ್ತು,
ಮಳಿಯೊಳಗಿಂದ ಸೀದಾ ಬಂದು ಒತ್ತಿದ್ದಳೇನೋ.
ಏಳು ತಾಸು ಮೀನಿನ ನೀರು ತಳ್ಳಿ ಬಂದಾಕಿ
ರಾತ್ರಿ ಚಿಮಣಿ ಮುಂದ ಕುಂತು
ಬೆರಳ ಗೆಣ್ಣಿನ ಮ್ಯಾಲ ಎಣಿಸುತ್ತಿದ್ದಳು,
ಎಲ್ಲೋ ತಪ್ಪೈತಿ, ಇಷ್ಟ ಅಲ್ಲ ನನ್ನ ದುಡ್ಡು.
ನಾವು ನಗತಿದ್ದಿವಿ. ಅಣ್ಣ ಅಂತೂ,
ನಿನಗ ಹದಿನಾರರ ಮ್ಯಾಲ ಎಣಿಸಾಕ ಬರತದೇನವ್ವ, ಅಂತಿದ್ದ.

ಇಪ್ಪತ್ತಾರು ವರ್ಷದ ಮ್ಯಾಲ
ಸರಕಾರ ಶಿಕ್ಕಾ ಒತ್ತಿ ಹೇಳಿತು, ಆಕಿ ಲೆಕ್ಕ ಖರೆ.
ಯಾರಿಗೆ ಹೇಳಿತು?

ಒಂದು ರೂಪಾಯಿ ರೆವಿನ್ಯೂ ಸ್ಟ್ಯಾಂಪು ತಾ ಅಂದ.
ಅಂಚೆ ಕಚೇರಿಗೆ ಓಡಿದೆ, ತಂದು ನೆಕ್ಕಿ ಅಂಟಿಸಿದೆ.
ನಾಲಿಗೆ ಮ್ಯಾಲ ಸಂಜೀತನ ಅದೇ ಅಂಟು.
ಬಸ್ಸು, ನೋಟರಿ, ಝೆರಾಕ್ಸು, ಸಾಕ್ಷಿದಾರನ ಊಟ,
ಕಳೆದು ಉಳಿದದ್ದು ನಾನು ಯಾರಿಗೂ ಹೇಳಿಲ್ಲ.

ಇಳಿದು ಬರುವಾಗ ಬೋರ್ಡು ಮತ್ತ ನೋಡಿದೆ.
ನಾಲ್ವತ್ತೆರಡು: ಫಾಕಿರ್ವಾ ಮಲಪ್ಪಾ.
ಈ ಸಲ ಮೂರು ಸಾರಿ ಓದಬೇಕಾಗಲಿಲ್ಲ.
ಫಕ್ಕೀರವ್ವ. ಮೂಗಿನ ಎರಡೂ ಕಡೆ ನತ್ತು,
ಅವ್ವನ ಎಲಿ ಅಡಿಕಿ ಚೀಲದಾಗ ಕೇಳದ ಕೈ ಹಾಕಾಕಿ.
ಝುವಾರಿನಗರಕ್ಕ ಎರಡು ಐತವಾರ ಹೋಗಿ ಬಂದೆ,
ಗುಡಿಸಲಿದ್ದಲ್ಲಿ ಗೋದಾಮು.

ಈಗ ಬಕೀಟಿನ ಮುಂದ ಯಾರಾದರೂ
ಕನ್ನಡದಾಗ ಚೌಕಾಸಿ ಮಾಡಿದರ
ಇಪ್ಪತ್ತು ರೂಪಾಯಿ ಇಳಿಸಿ, ತಡದು ಕೇಳತೀನಿ,
ಯಕ್ಕಾ, ನಿಮ್ಮ ಪೈಕಿ ಒಬ್ಬಾಕಿ,
ಎರಡೂ ಕಡೆ ನತ್ತು,
ನಗುವಾಗ ಬಾಯಿ ಮುಚ್ಚಿಕೊಳ್ಳತಿದ್ದಳು,